ಸಂಕಲ್ಪಕ್ಕೆ ಯಾವುದು: ಸೂರ್ಯ ನಮಸ್ಕಾರವೋ, ಯೋಗನಿದ್ರೆಯೋ, ಡೈರಿಯೋ?

ದಿನಾ ಒಂದು ಸಂಕಲ್ಪ ಇಟ್ಟುಕೊಳ್ಳಬೇಕು, ಈ ಮೂರರಲ್ಲಿ ಯಾವುದು ಹಿಡಿಯಲಿ ಎಂದು ಕೇಳಿದ್ದೀರಿ. ಖರ್ಚಿನ ಯೋಚನೆ ಬೇಡ. ಒಂದು ಚಾಪೆ, ಒಂದು ನೋಟ್‌ಬುಕ್ ಸಾಕು.

ಮುಖ್ಯವಾದದ್ದು ಸಮಯ. ಸೂರ್ಯ ನಮಸ್ಕಾರದ ಆರು ಸುತ್ತಿಗೆ ಹತ್ತು ನಿಮಿಷ ಸಾಕು. ಮೊದಲ ಭಂಗಿಯಲ್ಲಿ ಕೈ ಮುಗಿದು ನಿಂತಾಗ ಹೆಬ್ಬೆರಳು ಎದೆಗೆ ತಾಗುತ್ತದೆ. ಆಗಲೇ ಸಂಕಲ್ಪ ಹೇಳಿಕೊಳ್ಳಿ. ಬೆಳಿಗ್ಗೆ ಮೈ ಜಡ ಅನ್ನಿಸುವವರಿಗೆ ಇದೇ ಒಳ್ಳೆಯದು. ಮಂಡಿ, ಸೊಂಟ ನೋವಿದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಶುರು ಮಾಡಿ.

ಯೋಗನಿದ್ರೆಗೆ, ಅಂದರೆ ಮಲಗಿ ಎಚ್ಚರವಾಗಿದ್ದುಕೊಂಡೇ ಮೈಮನಸ್ಸು ಸಡಿಲಿಸುವ ಅಭ್ಯಾಸಕ್ಕೆ, 20ರಿಂದ 30 ನಿಮಿಷ ಬೇಕು, ಗದ್ದಲವಿಲ್ಲದ ಕೋಣೆಯೂ ಬೇಕು. ಆದರೆ ಸಂಕಲ್ಪಕ್ಕೆ ಇಲ್ಲಿ ಖಾಯಂ ಜಾಗವೇ ಇದೆ. ಸ್ವಾಮಿ ಸತ್ಯಾನಂದ ಸರಸ್ವತಿ ಶುರು ಮಾಡಿದ ಬಿಹಾರ ಯೋಗ ಪರಂಪರೆಯಲ್ಲಿ ಶುರುವಿಗೆ ಮೂರು ಸಲ, ಕೊನೆಗೆ ಮೂರು ಸಲ ಸಂಕಲ್ಪದ ಅದೇ ವಾಕ್ಯ ಹೇಳಿಕೊಳ್ಳುತ್ತಾರೆ. ಮಲಗಿಯೇ ಮಾಡುವುದರಿಂದ ವಯಸ್ಸಾದವರಿಗೂ ಸುಲಭ. ತುಂಬಾ ದಣಿದಿದ್ದರೆ ನಡುವೆ ನಿದ್ದೆ ಬಂದುಬಿಡುತ್ತದೆ, ಅಲ್ವಾ? ಅಂಥವರು ಊಟಕ್ಕೆ ಮುಂಚೆ ಮಾಡಲಿ.

ಮಗು ಚಿಕ್ಕದು, ಹತ್ತು ನಿಮಿಷವೂ ಸಿಗದು ಎನ್ನುವವರಿಗೆ ಡೈರಿ. ಎರಡೇ ಸಾಲು. ತಿಂಗಳ ನಂತರ ತಿರುವಿ ನೋಡಬಹುದು.

ಯಾವುದೇ ಇರಲಿ, ವಾಕ್ಯ ಚಿಕ್ಕದಿರಲಿ: "ನಾನು ತಾಳ್ಮೆಯಿಂದ ಇದ್ದೇನೆ." "ಸಿಟ್ಟು ಮಾಡಲ್ಲ" ಅನ್ನುವುದಕ್ಕಿಂತ ಇದು ನನಗೆ ಜಾಸ್ತಿ ಹಿಡಿಸುತ್ತದೆ.