ಮ್ಯಾಗ್ನೆಟಿಕ್ ಟ್ರೈನರ್: ಸದ್ದು ಜಾಸ್ತಿ, ಆದರೂ ಜುಲೈ ಸಂಜೆಗೆ ನನಗೆ ಇದೇ ಬೇಕು

ಮೊದಲು ಸದ್ದಿನ ವಿಷಯ ಹೇಳಿಬಿಡುತ್ತೇನೆ. ಮನೆಯೊಳಗೇ ನಿಂತಲ್ಲೇ ಸೈಕಲ್ ತುಳಿಯಲು, ಸೈಕಲ್ಲಿನ ಹಿಂದಿನ ಚಕ್ರವನ್ನು ರೋಲರ್‌ಗೆ ಒತ್ತಿ ನಿಲ್ಲಿಸುವ ಮಾಮೂಲಿ ಟ್ರೈನರ್ ಇದು; ಆಯಸ್ಕಾಂತದಿಂದ ತುಳಿತಕ್ಕೆ ಬಿಗಿ ಕೊಡುತ್ತದೆ. ಡಬ್ಬದ ಮೇಲೆ ಸದ್ದೇ ಇಲ್ಲ ಅನ್ನುವ ಹಾಗೆ ಬರೆದಿದ್ದರು. ಅದು ಸುಳ್ಳು. ನಮ್ಮದು ಬೆಂಗಳೂರಿನ ಜಯನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಕೆಳಗಿನ ಮನೆ ಆಂಟಿ ಮೆಟ್ಟಿಲಲ್ಲೇ ನಿಲ್ಲಿಸಿ ಕೇಳಿದರು: "ಏನಪ್ಪಾ, ರಾತ್ರಿ ಎಂಟು ಗಂಟೆಗೆ ಮೇಲೆ ಅದೇನು ಗಿರಣಿ ಹಾಕಿದ್ದೀಯಾ?"

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕಿವಿಗೆ ಬೀಳುವ ಸದ್ದಿಗಿಂತ ನೆಲಕ್ಕೆ ಇಳಿಯುವ ನಡುಕ ದೊಡ್ಡ ತೊಂದರೆ. ದಪ್ಪ ರಬ್ಬರ್ ಮ್ಯಾಟ್, ಅದರ ಕೆಳಗೆ ಹಳೇ ಹತ್ತಿ ಹಾಸಿಗೆ ಹಾಕಿದ ಮೇಲೆ ನಡುಕ ತಗ್ಗಿತು. ಗೆರೆಗಳಿರುವ ಟೈರ್ ತೆಗೆದು ನುಣುಪಾದ ಟ್ರೈನರ್ ಟೈರ್ ಹಾಕಿದೆ. ಇನ್ನೊಂದು ಉಪಾಯ ಯಾರೂ ಹೇಳುವುದಿಲ್ಲ: ಲಿವರ್ ಎಳೆದು ತುಳಿತದ ಬಿಗಿ ಜಾಸ್ತಿ ಮಾಡಿ, ಗೇರ್ ಹಗುರ ಮಾಡಿ. ಕಾಲಿಗೆ ಅಷ್ಟೇ ಕೆಲಸ ಸಿಗುತ್ತದೆ, ಆದರೆ ಚಕ್ರ ನಿಧಾನ ತಿರುಗುವುದರಿಂದ ಸದ್ದು ಕಡಿಮೆ. ಈಗ ಆಂಟಿ ಸಿಕ್ಕಾಗ ಮಳೆ, ತರಕಾರಿ ರೇಟು ಅಂತ ಮಾತಾಡುತ್ತಾರೆ.

ಇಷ್ಟೆಲ್ಲಾ ಆದ ಮೇಲೂ ಇದನ್ನು ಯಾಕೆ ಇಟ್ಟುಕೊಂಡಿದ್ದೇನೆ ಅಂದರೆ ಜುಲೈನಲ್ಲಿ ನಡೆಯುವ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ಗಾಗಿ.

ಫ್ರಾನ್ಸ್‌ನಲ್ಲಿ ಸಂಜೆ ಐದು, ಐದೂವರೆಗೆ ಮುಗಿಯುವ ಸ್ಟೇಜ್, ಅಂದರೆ ಒಂದು ದಿನದ ಓಟ, ನಮಗೆ ರಾತ್ರಿ ಎಂಟೂವರೆ, ಒಂಬತ್ತು. ಆಫೀಸಿನಿಂದ ಬಂದು, ಒಂದು ಲೋಟ ಕಾಫಿ ಕುಡಿದು, ಕೂರುವುದಕ್ಕೆ ಸರಿಯಾದ ಹೊತ್ತು. ಹೊರಗೆ ಮಳೆ, ರಸ್ತೆ ತುಂಬಾ ಗಾಡಿ. ಟೈರ್‌ಗೆ ಗಾಳಿ ನೋಡುತ್ತೇನೆ. ರೋಲರ್ ಟೈರ್‌ಗೆ ತಾಗಿದ ಮೇಲೆ ತಿರುಪನ್ನು ಇನ್ನೆರಡು ಸುತ್ತು ಬಿಗಿ ಮಾಡುತ್ತೇನೆ. ಹ್ಯಾಂಡಲ್ ಮೇಲೆ ಟವೆಲ್ ಹಾಸಲೇಬೇಕು, ಬೆವರಿನ ಉಪ್ಪು ಬೋಲ್ಟುಗಳನ್ನು ತಿಂದುಹಾಕುತ್ತದೆ. ಟೇಬಲ್ ಫ್ಯಾನ್ ಎದೆಗೆ ನೇರವಾಗಿ. ಬಾಟಲಿಯಲ್ಲಿ ಉಪ್ಪು ಹಾಕಿದ ನಿಂಬೆ ಪಾನಕ. ಆಮೇಲೆ ಟಿವಿ.

2025ರಲ್ಲಿ ಫ್ರಾನ್ಸ್‌ನ ಮಾಂ ವಾಂಟೂ ಬೆಟ್ಟ ಹತ್ತಿದ ಸ್ಟೇಜ್ ಅಂತೂ ಮರೆಯುವ ಹಾಗಿಲ್ಲ. ಸುಮಾರು 15 ಕಿ.ಮೀ. ಏರು, ಮೇಲೆ ಮರವೇ ಇಲ್ಲದ ಬರೀ ಬಿಳಿ ಕಲ್ಲಿನ ಗುಡ್ಡ. ರೇಸಿನವರು ಏರಲು ಶುರು ಮಾಡಿದಾಗ ನಾನೂ ಲಿವರ್ ಎಳೆದು ಬಿಗಿ ಏರಿಸಿದೆ. ಕೊನೆಗೆ ಫ್ರಾನ್ಸ್‌ನ ವ್ಯಾಲೆಂಟಿನ್ ಪಾರೆ-ಪೇಂಟ್ರ್, ಐರ್ಲೆಂಡಿನ ಬೆನ್ ಹೀಲಿ ಗೆಲುವಿಗಾಗಿ ತುದಿಯವರೆಗೂ ಜಿದ್ದಿಗೆ ಬಿದ್ದರು. ಕೊನೇ ತಿರುವಿನಲ್ಲಿ ನಾನೂ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದೆ. ಗೆದ್ದದ್ದು ಪಾರೆ-ಪೇಂಟ್ರ್, ಆ ವರ್ಷದ ಟೂರ್‌ನಲ್ಲಿ ಫ್ರೆಂಚರಿಗೆ ಮೊದಲ ಸ್ಟೇಜ್ ಗೆಲುವು. ಸೋಫಾದಲ್ಲಿ ಕೂತು ನೋಡಿದ್ದರೆ ಹೀಲಿಯ ಸಂಕಟ ನನ್ನ ತೊಡೆಗೆ ಗೊತ್ತಾಗುತ್ತಿರಲಿಲ್ಲ.

ರಸ್ತೆಯಲ್ಲಿ ಇದರಿಂದ ಏನು ಉಪಯೋಗ ಅಂತ ಕೇಳುವವರಿಗೆ ಲೇಪಾಕ್ಷಿ ರೈಡ್ ಹೇಳಬೇಕು. ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಹೋಗಿ ಅದೇ ದಿನ ವಾಪಸ್, ಹೋಗಿಬರಲು 240 ಕಿ.ಮೀ. ಹತ್ತಿರ. ಹೋಗುವಾಗ ಸುಖ. ಮುಂಗಾರಿನ ಗಾಳಿ ಬೆನ್ನಿಗೆ, ರಸ್ತೆಯೂ ಒಟ್ಟಾರೆ ಇಳಿಜಾರು. ಆ ದೊಡ್ಡ ಒಂಟಿ ಕಲ್ಲಿನ ಬಸವಣ್ಣನ ಎದುರು ಕೂತು ಬಾಳೆಹಣ್ಣು ತಿಂದು ಹೊರಟೆ. ಬರುವಾಗ ಎರಡೂ ತಿರುಗಿಬಿದ್ದವು. ಬಾಗೇಪಲ್ಲಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಏರು, ಅದರ ಮೇಲೆ ಎದುರುಗಾಳಿ. ಲಾರಿ ಪಕ್ಕದಲ್ಲಿ ಹೋದಾಗ ಎರಡು ಕ್ಷಣ ಗಾಳಿ ನಿಲ್ಲುತ್ತದೆ, ಆಮೇಲೆ ಮುಖಕ್ಕೇ ಹೊಡೆಯುತ್ತದೆ. ಇಳಿಜಾರಿನಲ್ಲೂ ತುಳಿಯಲೇಬೇಕು, ಬಿಟ್ಟರೆ ಸೈಕಲ್ ನಿಲ್ಲುತ್ತದೆ.

ಅಲ್ಲಿ ಟ್ರೈನರ್ ಕೆಲಸಕ್ಕೆ ಬಂತು. ಟ್ರೈನರ್ ಮೇಲೂ ಹಾಗೇ, ತುಳಿಯುವುದು ಬಿಟ್ಟರೆ ಚಕ್ರ ತಕ್ಷಣ ನಿಲ್ಲುತ್ತದೆ. ಬಿಡುವಿಲ್ಲದೆ ತುಳಿಯುವ ಅಭ್ಯಾಸ ಕಾಲಿಗೆ ಮೊದಲೇ ಆಗಿತ್ತು. ಹಗುರ ಗೇರ್‌ಗೆ ಇಳಿದು, ಒಂದೇ ಲಯ ಹಿಡಿದು, ವಾಂಟೂ ನೆನೆಸಿಕೊಂಡು ಬಂದೆ. ನಂದಿ ಬೆಟ್ಟ ಕಂಡಾಗ ಕಣ್ಣು ಒದ್ದೆಯಾಯಿತು. ಆದರೆ ಅಂಗೈ ಜೋಮು, ಕುತ್ತಿಗೆ ನೋವು, ಬಿಸಿಲು, ಇವಕ್ಕೆಲ್ಲ ಟ್ರೈನರ್‌ನಿಂದ ಏನೂ ಸಹಾಯವಿಲ್ಲ. ಅದಕ್ಕೆ ಭಾನುವಾರದ ರಸ್ತೆಯೇ ಬೇಕು.

ನಾನು ಕೊಟ್ಟದ್ದು 8,000 ರೂಪಾಯಿ. ಹಿಂದಿನ ಚಕ್ರ ಬಿಚ್ಚಿ ಕೂರಿಸುವ ಸ್ಮಾರ್ಟ್ ಟ್ರೈನರ್‌ಗಳಲ್ಲಿ ಸದ್ದು ತುಂಬಾ ಕಡಿಮೆ, ಆದರೆ ಬೆಲೆ ಇದರ ಹಲವು ಪಟ್ಟು. ನನ್ನ ಸಂಬಳಕ್ಕೆ, ಟಿವಿ ನೋಡುತ್ತಾ ತುಳಿಯುವ ನನ್ನ ಆಸೆಗೆ ಇದು ಸಾಕು. ಮ್ಯಾಟ್ ಮತ್ತು ಟೈರ್ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿಸಿ ಫ್ರೇಮಿಗೆ ತಿರುಪುವ ದಪ್ಪ ಆಕ್ಸಲ್) ಸೈಕಲ್ ಇದ್ದವರು ಬೇರೆ ಆಕ್ಸಲ್ ಕೊಳ್ಳಬೇಕಾಗುತ್ತದೆ, ನಿಮ್ಮ ಅಳತೆಯದ್ದು ಅಂಗಡಿಯಲ್ಲಿ ಇದೆಯಾ ಅಂತ ಕೇಳಿಕೊಂಡೇ ದುಡ್ಡು ಕೊಡಿ.