ತಾರಸಿ ಸೋಲಾರ್ 3 ಕಿಲೋವ್ಯಾಟ್: ಕರೆಂಟ್ ನಮ್ಮದು, ಪಾಸ್‌ವರ್ಡ್ ಯಾರದು?

ಶಿವಮೊಗ್ಗದ ನಮ್ಮ ಮನೆ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ಈಗ ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ನೋಡಿದ್ದಾಯಿತು. ನಾನು ಕೆಇಬಿ ಕಾಲದಿಂದ ಕರೆಂಟ್ ಇಲಾಖೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಬಿಲ್ ಎಷ್ಟು ಉಳಿಯಿತು ಅಂತ ಎಲ್ಲರೂ ಕೇಳುತ್ತಾರೆ, ಅದನ್ನೂ ಹೇಳುತ್ತೇನೆ. ಆದರೆ ಯಾರೂ ಕೇಳದ ಇನ್ನೊಂದು ವಿಷಯ ಇದೆ. ನನಗೆ ಅದೇ ಮುಖ್ಯ.

ಮೊದಲು ಲೆಕ್ಕ. 540 ವ್ಯಾಟ್‌ನ ಆರು ಪ್ಯಾನಲ್. ಖರ್ಚು ಎರಡು ಲಕ್ಷದ ಆಸುಪಾಸು. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಮೀಟರ್ ಕೂತ ಮೇಲೆ ಬ್ಯಾಂಕ್ ಖಾತೆಗೆ ಬಂತು. ಬೇಸಿಗೆಯಲ್ಲಿ ದಿನಕ್ಕೆ 13-14 ಯೂನಿಟ್ ಸಿಗುತ್ತದೆ. ಜುಲೈ ಮಳೆ ಹಿಡಿದರೆ 4-5ಕ್ಕೆ ಇಳಿಯುತ್ತದೆ. ಮಲೆನಾಡಿನ ಬಾಗಿಲಲ್ಲಿರುವ ಊರಿಗೆ ಇದು ಸಹಜ. ವರ್ಷಪೂರ್ತಿ ಬೇಸಿಗೆಯ ಲೆಕ್ಕ ಹೇಳಿ ಮಾರುವವರನ್ನು ನಂಬಬೇಡಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ಪುಕ್ಕಟೆ ಇರುವಾಗ ಇದೆಲ್ಲ ಯಾಕೆ ಅಂತ ಪಕ್ಕದ ಮನೆಯವರು ಕೇಳಿದರು. ನಮ್ಮ ಬಳಕೆ 200 ದಾಟುತ್ತದೆ, ಅದಕ್ಕೇ.

ಬ್ಯಾಟರಿ ಇಲ್ಲದ ಇಂಥ ವ್ಯವಸ್ಥೆಯಲ್ಲಿ ಕರೆಂಟ್ ಹೋದರೆ ಸೋಲಾರೂ ನಿಲ್ಲುತ್ತದೆ. ಬಿಸಿಲು ಸುಡುತ್ತಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ತುಂಬಾ ಜನ ಇದನ್ನು ನೋಡಿ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಇದು ಮೋಸವಲ್ಲ. ಲೈನ್ ಆಫ್ ಮಾಡಿ ಲೈನ್‌ಮ್ಯಾನ್ ಕಂಬ ಹತ್ತಿರುತ್ತಾನೆ. ನಮ್ಮ ತಾರಸಿಯಿಂದ ಆ ತಂತಿಗೆ ಕರೆಂಟ್ ಹರಿದರೆ ಅವನ ಜೀವ ಹೋಗುತ್ತದೆ. ಹಾಗಾಗಿ ಗ್ರಿಡ್, ಅಂದರೆ ಹೊರಗಿನ ಲೈನಿನ ಕರೆಂಟ್, ಇಲ್ಲ ಅಂತ ಗೊತ್ತಾದ ಕೂಡಲೇ ಇನ್ವರ್ಟರ್ (ಪ್ಯಾನಲ್ಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಪೆಟ್ಟಿಗೆ) ತಾನೇ ಕೈಬಿಡಬೇಕು. ಆ ವ್ಯವಸ್ಥೆಗೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ.

ಇನ್ನು ದೇಶದ ಮಾತು. ಸೋಲಾರ್ ಹಾಕಿದರೆ ತೈಲ ಆಮದು ಕಡಿಮೆ ಆಗುತ್ತದೆ ಎಂದು ಜಾಹೀರಾತಿನವರು ಸುಲಭವಾಗಿ ಹೇಳುತ್ತಾರೆ. ಹಾಗೆ ತನ್ನಿಂತಾನೇ ಆಗುವುದಿಲ್ಲ. ನಮ್ಮ ಗ್ರಿಡ್ ಕರೆಂಟಿನ ಬಹುಪಾಲು ನಮ್ಮದೇ ಕಲ್ಲಿದ್ದಲಿನದು. ಹೊರಗಿಂದ ಬರುವುದು ಕಚ್ಚಾ ತೈಲ, ಶೇ. 85ಕ್ಕಿಂತ ಜಾಸ್ತಿ. ಅಡುಗೆ ಗ್ಯಾಸ್ ಕೂಡ ಅರ್ಧಕ್ಕಿಂತ ಹೆಚ್ಚು ಹೊರಗಿನದೇ, ಅದರಲ್ಲೂ ಬಹಳಷ್ಟು ಹಾರ್ಮುಜ್ ಜಲಸಂಧಿ ದಾಟಿ ಬರಬೇಕು. ರಷ್ಯಾದ ತೈಲ ಕೊಳ್ಳುತ್ತೀರಿ ಅಂತ 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿತ್ತು, ನೆನಪಿರಬಹುದು. ಬಿಸಿಲಿನ ಕರೆಂಟಲ್ಲಿ ಅಡುಗೆ ಮಾಡಿದರೆ, ಸ್ಕೂಟರ್ ಓಡಿಸಿದರೆ ಮಾತ್ರ ಆ ಆಮದಿಗೆ ಪೆಟ್ಟು ಬೀಳುತ್ತದೆ. ನಮ್ಮ ಮನೆಯಲ್ಲಿ ಮಧ್ಯಾಹ್ನದ ಅನ್ನ, ಸಾರು, ಪಲ್ಯ ಎಲ್ಲ ಇಂಡಕ್ಷನ್ ಮೇಲೆ. ಸಿಲಿಂಡರ್ ಈಗ ಮೊದಲಿಗಿಂತ ಎಷ್ಟೋ ಜಾಸ್ತಿ ದಿನ ಬರುತ್ತದೆ.

ಸಬ್ಸಿಡಿ ಬೇಕಾದರೆ ಪ್ಯಾನಲ್ಲೂ ಅದರೊಳಗಿನ ಸೆಲ್ಲೂ ಇಲ್ಲೇ ತಯಾರಾಗಿರಬೇಕು. ಡಿಸಿಆರ್ ಪ್ಯಾನಲ್ ಅಂತಾರಲ್ಲ, ಅದು. ಬೆಲೆ ಸ್ವಲ್ಪ ಜಾಸ್ತಿ. ನನಗೆ ಆ ದುಡ್ಡು ಕೊಡಲು ಬೇಸರವಿಲ್ಲ. ಪ್ರಪಂಚದ ಪ್ಯಾನಲ್ ತಯಾರಿಕೆಯ ಪ್ರತಿ ಹಂತದಲ್ಲೂ ಶೇ. 80ಕ್ಕಿಂತ ಹೆಚ್ಚು ಪಾಲು ಚೀನಾದ್ದು. ನಮ್ಮ ಕಾರ್ಖಾನೆಗಳು ಸೆಲ್ ಮಾಡಿದರೂ ಅದಕ್ಕೆ ಬೇಕಾದ ವೇಫರ್, ಅಂದರೆ ಸಿಲಿಕಾನ್‌ನ ತೆಳು ಬಿಲ್ಲೆ, ಹೆಚ್ಚಾಗಿ ಅಲ್ಲಿಂದಲೇ ಬರುತ್ತಿದೆ. ಕೊಲ್ಲಿ ದೇಶಗಳ ತೈಲ, ಗ್ಯಾಸಿನ ಹಂಗು ಬಿಡಿಸಿಕೊಂಡು ಬೇರೆ ಹಂಗಿಗೆ ಬೀಳುವ ಅಪಾಯ ನಿಜವಾದದ್ದೇ. ಆದರೂ ಒಂದು ಸಮಾಧಾನ ಇದೆ. ತಾರಸಿಗೆ ಒಮ್ಮೆ ಏರಿದ ಪ್ಯಾನಲ್ 25 ವರ್ಷ ಬಿಸಿಲು ತಿಂದು ಕರೆಂಟ್ ಕೊಡುತ್ತದೆ. ಅದನ್ನು ಯಾವ ದೇಶವೂ ಹಡಗು ತಡೆದು ನಿಲ್ಲಿಸಲಾಗದು.

ಇನ್ವರ್ಟರ್ ಹಾಗಲ್ಲ.

ಕೆಲಸ ಮುಗಿದ ದಿನ ಅಳವಡಿಸಿದ ಹುಡುಗ ಖುಷಿಯಿಂದ ತನ್ನ ಮೊಬೈಲ್ ತೋರಿಸಿದ. "ನೋಡಿ ಸಾರ್, ನಮ್ಮ ಆಫೀಸಿಂದಲೇ ಎಲ್ಲಾ ಮಾಡಬಹುದು" ಅಂದವನೇ ಒಂದು ಗುಂಡಿ ಒತ್ತಿದ. ಗೋಡೆ ಮೇಲಿನ ಇನ್ವರ್ಟರ್ ಒಳಗೆ ಟಕ್ ಅಂತ ರಿಲೇ ಬಿದ್ದ ಸದ್ದು. ಹಸಿರು ದೀಪ ಆರಿತು, 2.4 ಕಿಲೋವ್ಯಾಟ್ ತೋರಿಸುತ್ತಿದ್ದ ಡಿಸ್‌ಪ್ಲೇ ಸೊನ್ನೆಗೆ ಬಂತು. ಅವನ ಮೊಬೈಲ್ ನಮ್ಮ ಮನೆಯ ವೈಫೈಯಲ್ಲಿ ಇರಲೂ ಇಲ್ಲ. ಆಜ್ಞೆ ಎಲ್ಲಿಗೋ ಹೋಗಿ, ಇನ್ವರ್ಟರ್ ಕಂಪನಿಯ ಸರ್ವರ್ ಮುಟ್ಟಿ, ಇನ್ವರ್ಟರನ್ನು ಇಂಟರ್ನೆಟ್‌ಗೆ ಜೋಡಿಸುವ ನಮ್ಮ ಡಾಂಗಲ್‌ಗೆ ವಾಪಸ್ ಬಂದಿತ್ತು. ಸರ್ವರ್ ಯಾವ ದೇಶದಲ್ಲಿದೆ ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅಂಗಡಿಯವರಿಗೂ ಗೊತ್ತಿರಲಿಲ್ಲ. ಇನ್ನೂ ಕೆಟ್ಟದ್ದು ಅಂದರೆ, ಇನ್ವರ್ಟರಿನ ಖಾತೆ ಅಂಗಡಿಯವರ ಹೆಸರಲ್ಲೇ ಇತ್ತು. ನನಗೆ ಕೊಟ್ಟಿದ್ದು ಸುಮ್ನೆ ಯೂನಿಟ್ ನೋಡುವ ಲಾಗಿನ್. ವೋಲ್ಟೇಜ್, ಫ್ರೀಕ್ವೆನ್ಸಿ ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡ್ ಅವರ ಕೈಯಲ್ಲಿ. ಪದೇ ಪದೇ ಕೇಳಿ, ಬಾಕಿ ದುಡ್ಡು ತಡೆಹಿಡಿದ ಮೇಲೆ ಖಾತೆ ನನ್ನ ಹೆಸರಿಗೆ ಬಂತು. ಸರ್ವಿಸ್‌ಗೆ ನಾನು ಐದಕ್ಕೆ ಎರಡು ಕೊಡುವುದು ಇದಕ್ಕೇ.

ಒಂದು ಮನೆಯ ಇನ್ವರ್ಟರ್ ನಿಂತರೆ ಏನಾಗುತ್ತದೆ ಅಂತೀರಾ? ಏನೂ ಆಗುವುದಿಲ್ಲ. ಆದರೆ ಸೂರ್ಯ ಘರ್ ಯೋಜನೆಯ ಗುರಿ ಒಂದು ಕೋಟಿ ಮನೆ, ಸುಮಾರು 30 ಗಿಗಾವ್ಯಾಟ್. ನಮ್ಮ ಜಿಲ್ಲೆಯ ಶರಾವತಿ ವಿದ್ಯುದಾಗಾರದ್ದು 1,035 ಮೆಗಾವ್ಯಾಟ್. ಅಂಥವು ಇಪ್ಪತ್ತೊಂಬತ್ತು ಸೇರಿದಷ್ಟಾಯಿತು. 2024ರ ಮೇ ತಿಂಗಳಲ್ಲಿ ದೇಶದ ಗರಿಷ್ಠ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿತ್ತು. ಒಂದೇ ಕಂಪನಿಯ ಇನ್ವರ್ಟರುಗಳು ಒಂದೇ ಕ್ಷಣ ಕೈಕೊಟ್ಟರೂ ಗ್ರಿಡ್ಡಿನ ಫ್ರೀಕ್ವೆನ್ಸಿ, ಅಂದರೆ ಎಸಿ ಕರೆಂಟ್ ಸೆಕೆಂಡಿಗೆ ಎಷ್ಟು ಸುತ್ತು ಮುಗಿಸುತ್ತದೆ ಅನ್ನುವ ಲೆಕ್ಕ, 50 ಹರ್ಟ್ಸ್‌ನಿಂದ ಜಾರಬಹುದು. ಫ್ರೀಕ್ವೆನ್ಸಿ ಜಾರಿದರೆ ಸ್ಟೇಷನ್ನುಗಳು ಒಂದರ ಹಿಂದೆ ಒಂದು ಟ್ರಿಪ್ ಆಗುತ್ತವೆ. 2012ರ ಜುಲೈ 30 ಮತ್ತು 31ರಂದು ಗ್ರಿಡ್ ಬಿದ್ದು ಉತ್ತರ ಭಾರತ ಕತ್ತಲಾದಾಗ ನಮಗೇನೂ ಆಗಲಿಲ್ಲ, ಯಾಕಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯೇ ಫ್ರೀಕ್ವೆನ್ಸಿಯಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಚಾರ್ಜ್ ಆಗಿ ಎಲ್ಲ ಒಂದಾಯಿತು. ಒಳ್ಳೆಯದೇ ಆಯಿತು, ಆದರೆ ಈಗ ಅಲ್ಲಿ ಬಿದ್ದರೆ ಇಲ್ಲಿಗೂ ತಟ್ಟುತ್ತದೆ.

ಇದು ಬರೀ ನನ್ನ ಭಯವಲ್ಲ. ಗಾಲ್ವಾನ್‌ನಲ್ಲಿ ಚೀನಾ ಸೈನಿಕರೊಂದಿಗೆ ಘರ್ಷಣೆ ಆದ ಮುಂದಿನ ತಿಂಗಳು, 2020ರ ಜುಲೈನಲ್ಲಿ, ಕೇಂದ್ರ ವಿದ್ಯುತ್ ಸಚಿವಾಲಯ ಆಮದಾಗುವ ವಿದ್ಯುತ್ ಉಪಕರಣಗಳನ್ನೆಲ್ಲ ಮಾಲ್‌ವೇರ್, ಅಂದರೆ ಹಾನಿ ಮಾಡುವ ಸಾಫ್ಟ್‌ವೇರ್, ಇದೆಯಾ ಅಂತ ಪರೀಕ್ಷೆ ಮಾಡಬೇಕು ಎಂದು ಆದೇಶ ಹೊರಡಿಸಿತು. ಲಿಥುವೇನಿಯಾದಂಥ ಪುಟ್ಟ ದೇಶ 2024ರಲ್ಲಿ ಕಾನೂನನ್ನೇ ಮಾಡಿತು. 100 ಕಿಲೋವ್ಯಾಟ್ ಮೀರಿದ ಸೋಲಾರ್, ಗಾಳಿ, ಬ್ಯಾಟರಿ ಘಟಕಗಳನ್ನು ಚೀನಾದಿಂದ ದೂರದಲ್ಲೇ ಕೂತು ನಿಯಂತ್ರಿಸುವಂತಿಲ್ಲ ಅಂತ. ಮನೆಯ 3 ಕಿಲೋವ್ಯಾಟ್ ಅದಕ್ಕಿಂತ ಚಿಕ್ಕದು, ನಿಜ. ಆದರೆ ಒಂದು ಕೋಟಿ ಚಿಕ್ಕವು ಸೇರಿದರೆ ಯಾವ ದೊಡ್ಡ ಘಟಕಕ್ಕೂ ಕಡಿಮೆ ಅಲ್ಲ, ಅಲ್ವಾ?

ಹಾಗಂತ ಸೋಲಾರ್ ಬೇಡ ಅನ್ನುತ್ತಿಲ್ಲ. ಖಂಡಿತ ಹಾಕಿಸಿ. ಪ್ಯಾನಲ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಆದರೆ ಮುಂಗಡ ಕೊಡುವ ಮೊದಲೇ ಸರ್ವರ್ ಭಾರತದಲ್ಲಿದೆಯಾ, ಖಾತೆ ಯಾರ ಹೆಸರಲ್ಲಿ ಇರುತ್ತದೆ, ಎಲ್ಲ ಪಾಸ್‌ವರ್ಡ್ ಕೊಡುತ್ತೀರಾ ಅಂತ ಕೇಳಿ, ಉತ್ತರವನ್ನು ಕೊಟೇಶನ್ ಮೇಲೇ ಬರೆಸಿಕೊಳ್ಳಿ. ನಮ್ಮದರಲ್ಲಿ ಡಾಂಗಲ್ ಕಿತ್ತಿಟ್ಟರೂ ಇನ್ವರ್ಟರ್ ಕೆಲಸ ಮಾಡುತ್ತದೆ, ಯೂನಿಟ್ ಡಿಸ್‌ಪ್ಲೇಯಲ್ಲೇ ಕಾಣುತ್ತದೆ. ನಾನು ಕಿತ್ತೇ ಇಟ್ಟಿದ್ದೇನೆ. ನೀವು ಹಾಗೆ ಮಾಡುವ ಮುಂಚೆ ವಾರಂಟಿ ಷರತ್ತು ಓದಿಕೊಳ್ಳಿ, ಆನ್‌ಲೈನ್ ಇರಲೇಬೇಕು ಅನ್ನುವ ಕಂಪನಿಗಳೂ ಇವೆ. ಪ್ಯಾನಲ್ ಹಿಂದಿನ ಲೇಬಲ್ ಮತ್ತು ಸೀರಿಯಲ್ ನಂಬರಿನ ಫೋಟೋವನ್ನು ಪ್ಯಾನಲ್ ಕೆಳಗಿರುವಾಗಲೇ ತೆಗೆದಿಟ್ಟುಕೊಳ್ಳಿ. ಸ್ಟ್ರಕ್ಚರ್ ಮೇಲೆ ಬಿಗಿದ ಮೇಲೆ ಅದು ಕಣ್ಣಿಗೆ ಸಿಗುವುದು ಕಷ್ಟ.