ಅಬ್ಸಿಡಿಯನ್: ವರ್ಷಗಟ್ಟಲೆ ಬಳಸಿದ ಮೇಲೆ

ಟಿಪ್ಪಣಿ ಬರೆಯುವ ಯಾವ ಆ್ಯಪ್ ಹಾಕಿಕೊಂಡರೂ ನಾನು ಮೊದಲು ಹುಡುಕುವುದು 'ಎಕ್ಸ್‌ಪೋರ್ಟ್', ಅಂದ್ರೆ ಬರೆದದ್ದನ್ನೆಲ್ಲ ಹೊರಗೆ ತೆಗೆಯುವ ದಾರಿ, ಎಲ್ಲಿದೆ ಅಂತ. ಅಂದಚಂದ, ಬಣ್ಣ, ಎಐ ಎಲ್ಲ ಆಮೇಲೆ. ಮಾಡಬೇಕಾದ ಕೆಲಸಗಳ ಪಟ್ಟಿಯ ಆ್ಯಪ್ ವಂಡರ್‌ಲಿಸ್ಟ್ ಅನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು 2020ರಲ್ಲಿ ಮುಚ್ಚಿತು. ಲೇಖನಗಳನ್ನು ಆಮೇಲೆ ಓದಲು ಎತ್ತಿಡುತ್ತಿದ್ದ ಪಾಕೆಟ್ 2025ರ ಜುಲೈನಲ್ಲಿ ನಿಂತಿತು. ಟಿಪ್ಪಣಿ ಆ್ಯಪ್ ಎವರ್‌ನೋಟ್ ಮುಚ್ಚಲಿಲ್ಲ, ಆದರೆ 2023ರ ಕೊನೆಗೆ ಉಚಿತ ಖಾತೆಗೆ 50 ನೋಟ್, ಒಂದೇ ನೋಟ್‌ಬುಕ್ ಅಂತ ಮಿತಿ ಹಾಕಿತು. ಇವು ಯಾವುವೂ ಕೆಟ್ಟ ಆ್ಯಪ್‌ಗಳಲ್ಲ. ಚೆನ್ನಾಗಿದ್ದವು ಅಂತಲೇ ಜನ ಅವುಗಳಲ್ಲಿ ಅಷ್ಟೊಂದು ತುಂಬಿಟ್ಟಿದ್ದು.

ನಾನು ಬಳಸುವ ಟಿಪ್ಪಣಿ ಆ್ಯಪ್ ಅಬ್ಸಿಡಿಯನ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವ ಪ್ರಶ್ನೆಯೇ ಬರುವುದಿಲ್ಲ. ಬರೆದ ಪ್ರತಿ ಟಿಪ್ಪಣಿಯೂ ನಮ್ಮದೇ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಬೇರೆ ಬೇರೆ ಫೈಲಾಗಿ ಇರುತ್ತದೆ. ಆ ಫೋಲ್ಡರಿಗೆ ಇವರು ಇಟ್ಟಿರುವ ಹೆಸರು ವಾಲ್ಟ್. ಫೈಲ್ ಮಾರ್ಕ್‌ಡೌನ್ ರೂಪದಲ್ಲಿರುತ್ತದೆ. ಅಂದ್ರೆ ಬರೀ ಅಕ್ಷರ. ತಲೆಬರಹಕ್ಕೆ ಮುಂದೊಂದು ಹ್ಯಾಶ್ ಚಿಹ್ನೆ, ಪಟ್ಟಿಗೆ ಒಂದು ಅಡ್ಡಗೆರೆ, ಅಷ್ಟೇ. 2004ರಿಂದ ಇರುವ ಪದ್ಧತಿ ಇದು. ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದು. ನಾಳೆ ಅಬ್ಸಿಡಿಯನ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಟಿಪ್ಪಣಿಗಳು ಇದ್ದಲ್ಲೇ ಇರುತ್ತವೆ. ಕನ್ನಡದಲ್ಲಿ ಬರೆದಿದ್ದೂ ಹುಡುಕಿದರೆ ಸಿಗುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ದಿನವೂ ಕೈಹಿಡಿಯುವುದು ಇದರ ಲಿಂಕ್. ಒಂದು ಟಿಪ್ಪಣಿಯಲ್ಲಿ ಇನ್ನೊಂದರ ಹೆಸರನ್ನು ಎರಡೆರಡು ಚೌಕ ಆವರಣದೊಳಗೆ ಬರೆದರೆ ಎರಡಕ್ಕೂ ನಂಟು ಬೀಳುತ್ತದೆ. ಆ ಇನ್ನೊಂದನ್ನು ತೆರೆದಾಗ, ಅದನ್ನು ಎಲ್ಲೆಲ್ಲಿ ನೆನೆದಿದ್ದೇವೆ ಅನ್ನೋದು ಪಕ್ಕದಲ್ಲೇ ಕಾಣುತ್ತದೆ. ಹಾಗಾಗಿ ಫೋಲ್ಡರೊಳಗೆ ಫೋಲ್ಡರ್ ಮಾಡುವ ಚಟ ನನಗೆ ತಾನಾಗಿಯೇ ಬಿಟ್ಟುಹೋಯಿತು. ಈಗ ಇರುವುದು ಬೆರಳೆಣಿಕೆಯಷ್ಟು ಫೋಲ್ಡರ್. ಫೈಲಿನ ಹೆಸರಿನ ಶುರುವಿಗೆ ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿ ಹಾಕುತ್ತೇನೆ, 2025-03-14 ಅಂತ. ಹೆಸರಿನ ಪ್ರಕಾರ ಜೋಡಿಸಿದರೆ ದಿನಾಂಕದ ಪ್ರಕಾರವೂ ಜೋಡಣೆಯಾಗಿಬಿಡುತ್ತದೆ.

ನೆಟ್ಟಲ್ಲಿ ಇದರ ಗ್ರಾಫ್ ಚಿತ್ರ ನೋಡಿರುತ್ತೀರಿ, ಚುಕ್ಕಿಗಳ ನಡುವೆ ಗೆರೆ ಎಳೆದಿರೋದು. ನೋಡೋಕೆ ಚಂದ. ಕೆಲಸಕ್ಕೆ ಬಂದದ್ದು ನಾನಂತೂ ಕಾಣೆ.

ಇನ್ನು ಪ್ಲಗಿನ್, ಅಂದ್ರೆ ಆ್ಯಪ್‌ಗೆ ಹೊಸ ಸೌಲಭ್ಯ ಸೇರಿಸುವ ಚಿಕ್ಕ ತುಣುಕು. ಬಳಕೆದಾರರೇ ಬರೆದ ಸಾವಿರಾರು ಪ್ಲಗಿನ್‌ಗಳಿವೆ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಉದಾಹರಣೆಗೆ ಡೇಟಾವ್ಯೂ ಅನ್ನೋದು ಟಿಪ್ಪಣಿಗಳಿಂದ ಮಾಹಿತಿ ಹೆಕ್ಕಿ ತಾನೇ ಪಟ್ಟಿ ಮಾಡಿ ತೋರಿಸುತ್ತದೆ. ಆದರೆ ಫೈಲಿನೊಳಗೆ ಉಳಿಯುವುದು ಆ ಪಟ್ಟಿಯಲ್ಲ, ಪಟ್ಟಿ ತರಿಸುವ ಕೋಡು. ಬೇರೆ ಆ್ಯಪ್‌ನಲ್ಲಿ ತೆರೆದರೆ ಕಾಣುವುದು ಆ ಕೋಡು ಮಾತ್ರ. ಚೌಕ ಆವರಣದ ಲಿಂಕ್‌ಗಳೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ, ಆದರೆ ಹೆಸರಾದರೂ ಓದಲು ಸಿಗುತ್ತದೆ. ಪ್ಲಗಿನ್ ಹೆಚ್ಚಿದಷ್ಟೂ ಸಾದಾ ಫೈಲಿನ ಲಾಭ ಕರಗುತ್ತದೆ. ನಾನು ಆ್ಯಪ್‌ನ ಜೊತೆಗೇ ಬರುವ ದಿನಚರಿ ಪುಟ, ಟೆಂಪ್ಲೇಟ್ ಇಷ್ಟರಲ್ಲೇ ಇದ್ದೇನೆ. ಸಾಕಾಗಿದೆ.

ಫೋನಿಗೂ ಕಂಪ್ಯೂಟರಿಗೂ ಹೊಂದಿಸಲು ಅವರದ್ದೇ ಸಿಂಕ್ ಸೇವೆ ಇದೆ, ದುಡ್ಡು ಕೊಡಬೇಕು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಎನ್‌ಕ್ರಿಪ್ಟ್ ಆಗಿ, ಅಂದ್ರೆ ನಡುವೆ ಯಾರೂ ಓದಲಾಗದ ಹಾಗೆ ಹೋಗುತ್ತದೆ. ಬೇಡವೆಂದರೆ ಐಕ್ಲೌಡ್, ಸಿಂಕ್‌ಥಿಂಗ್ ಥರದ್ದು ಬಳಸಬಹುದು. ಒಂದೇ ಫೋಲ್ಡರಿಗೆ ಎರಡು ಬಗೆಯ ಸಿಂಕ್ ಹಚ್ಚಬೇಡಿ, ಒಂದೇ ಟಿಪ್ಪಣಿಗೆ ಎರಡು ಪ್ರತಿ ಆಗಿ ಯಾವುದು ಹೊಸದು ಅಂತ ಗೊತ್ತಾಗದೆ ಒದ್ದಾಡಬೇಕಾಗುತ್ತದೆ. ಮತ್ತೆ, ಸಿಂಕ್ ಅಂದ್ರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಇಡೀ ಫೋಲ್ಡರನ್ನು ಆಗಾಗ ಹೊರಗಿನ ಡಿಸ್ಕಿಗೆ ನಕಲು ಮಾಡುತ್ತೇನೆ. ಬರೀ ಅಕ್ಷರ ಆದ್ದರಿಂದ ಜಾಗವೂ ಜಾಸ್ತಿ ಬೇಡ, ಹೊತ್ತೂ ಹಿಡಿಯುವುದಿಲ್ಲ.

ಎಲ್ಲವನ್ನೂ ಒಂದೇ ಆ್ಯಪ್‌ಗೆ ತುರುಕುವ ಆಸೆ ಬೇಡ. ಹೊತ್ತಿಗೆ ಸರಿಯಾಗಿ ನೆನಪಿಸುವ ಕೆಲಸ ಅಬ್ಸಿಡಿಯನ್‌ನದ್ದಲ್ಲ, ಅದಕ್ಕೆ ನನ್ನ ಬಳಿ ಟುಡುಯಿಸ್ಟ್ ಇದೆ. ಪಾಸ್‌ವರ್ಡ್‌ಗಳಿಗೆ ಬಿಟ್‌ವಾರ್ಡನ್. ಅಬ್ಸಿಡಿಯನ್ ಫೈಲ್ ಯಾರಾದರೂ ತೆರೆದು ಓದಬಹುದಾದ ಅಕ್ಷರ ಅಲ್ವಾ, ಪಾಸ್‌ವರ್ಡ್ ಅಲ್ಲಿಡಲೇಬಾರದು. ಮನೆಯವರ ಜೊತೆ ಹಂಚಿಕೊಳ್ಳುವ ಚಿಕ್ಕಪುಟ್ಟ ಪಟ್ಟಿಗೆ ಗೂಗಲ್ ಕೀಪ್. ನಾಲ್ಕಾರು ಜನ ಒಟ್ಟಿಗೆ ಕೂತು ತಿದ್ದುವ ಕೆಲಸಕ್ಕೆ ನೋಶನ್ ಮುಂದಿದೆ, ಅದರಲ್ಲಿ ಅನುಮಾನವಿಲ್ಲ. ಅದೂ ಎಕ್ಸ್‌ಪೋರ್ಟ್ ಮಾಡಿದರೆ ಮಾರ್ಕ್‌ಡೌನ್ ಫೈಲ್, ಟೇಬಲ್‌ಗಳಿಗೆ ಸಿಎಸ್‌ವಿ ಅನ್ನೋ ಸಾದಾ ಫೈಲ್ ಕೊಡುತ್ತದೆ. ಆದರೆ ಅದರ ಟೇಬಲ್‌ಗಳು ಒಂದಕ್ಕೊಂದು ಹೆಣೆದುಕೊಂಡಿರುವ ರೀತಿ ಆ ಫೈಲುಗಳಲ್ಲಿ ಉಳಿಯುವುದಿಲ್ಲ. ಸೇರುವ ಮೊದಲೇ ಪರೀಕ್ಷೆ ಮಾಡಿ ನೋಡಿ: ಒಂದು ಚಿತ್ರ, ಒಂದು ಟೇಬಲ್, ಒಂದು ಲಿಂಕ್ ಇರುವ ನಾಲ್ಕು ಪುಟ ಬರೆದು, ಎಕ್ಸ್‌ಪೋರ್ಟ್ ಮಾಡಿ, ಬೇರೆ ಆ್ಯಪ್‌ನಲ್ಲಿ ತೆರೆಯಿರಿ. ಏನು ಉಳಿಯಿತು, ಏನು ಹೋಯಿತು ಅಂತ ಆಗಲೇ ಗೊತ್ತಾಗುತ್ತದೆ.

ಅಬ್ಸಿಡಿಯನ್ ಸ್ವಂತ ಬಳಕೆಗೆ ಉಚಿತ. 2025ರಿಂದ ಕಚೇರಿ ಕೆಲಸಕ್ಕೂ ಲೈಸೆನ್ಸ್ ಕೊಳ್ಳಲೇಬೇಕೆಂದಿಲ್ಲ. ಆದರೆ ಓಪನ್ ಸೋರ್ಸ್ ಅಲ್ಲ, ಅಂದ್ರೆ ಅದರ ಮೂಲ ಕೋಡು ಎಲ್ಲರಿಗೂ ಮುಕ್ತವಾಗಿಲ್ಲ. ಓಪನ್ ಸೋರ್ಸ್ ಬೇಕೇ ಬೇಕು ಅನ್ನುವವರು ಜಾಪ್ಲಿನ್ ಅನ್ನೋ ಟಿಪ್ಪಣಿ ಆ್ಯಪ್ ನೋಡಬಹುದು. ಅದು ಟಿಪ್ಪಣಿಗಳನ್ನು ಡೇಟಾಬೇಸಿನೊಳಗೆ ಇಡುತ್ತದೆ, ಹಾಗಾಗಿ ಅಲ್ಲಿ ಎಕ್ಸ್‌ಪೋರ್ಟ್ ಬಟನ್ ಒತ್ತಲೇಬೇಕು. ಒತ್ತಿದರೆ ಮಾರ್ಕ್‌ಡೌನ್ ಫೈಲುಗಳೇ ಕೈಗೆ ಬರುತ್ತವೆ.